ಮೋಡೆಂ ಇದ್ದಲ್ಲಿ ನನ್ನ ಸಂಸಾರ

ಗಂಭೀರವಾಗಿ ಕೆಲಸ ಮಾಡಬೇಕೆಂದು ಹೊರಟವರನ್ನೇ ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ ಎಂಬುದು ನನ್ನ ಅನುಭವ. ನನ್ನ ಮುಖವೇ ಗಂಟು ಮುಖ, ಮದುವೆ ಫೋಟೋದಲ್ಲೂ ನಕ್ಕಿಲ್ಲ. ಅಂಥ ನನ್ನ ಸರ್ವೀಸಿನಲ್ಲಿ, ಅದರಲ್ಲೂ ತಿಪಟೂರಿನ ಆ ಒಂದು ವರ್ಷದಲ್ಲಿ ನಡೆದದ್ದನ್ನು ಮನೆಗೆ ಬಂದವರು ಈಗಲೂ ಕೇಳಿ ಹೇಳಿಸಿಕೊಳ್ಳುತ್ತಾರೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ನಗುವುದಿಲ್ಲ. ಯಾಕೆಂದರೆ ಆಗ ನನ್ನ ಸಂಸಾರ ಒಂದು ಟೆಲಿಫೋನ್ ತಂತಿಯ ತುದಿಯಲ್ಲಿ ನೇತಾಡುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಆಪರೇಟರ್. ಮದುವೆಯಾದ ಮೇಲೆ ನಾಲ್ಕು ವರ್ಷ ನಾನು ಬೀದರಿನಲ್ಲಿ, ನಮ್ಮ ಯಜಮಾನರು ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹಬ್ಬಕ್ಕೊಮ್ಮೆ ರಜೆಗೊಮ್ಮೆ ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಇಲಾಖೆಯವರು ತಿಪಟೂರಿಗೆ ಒಂದು ಮೋಡೆಂ ಕೊಟ್ಟರು. ಮೋಡೆಂ ಅಂದರೆ ಕಂಪ್ಯೂಟರಿನ ಮಾತನ್ನು ಕೂಗಾಗಿ ಮಾಡಿ ಟೆಲಿಫೋನ್ ತಂತಿಯಲ್ಲಿ ಕಳಿಸುವ, ಆ ಕಡೆಯಿಂದ ಬಂದ ಕೂಗನ್ನು ಮತ್ತೆ ಮಾತಾಗಿ ಮಾಡಿಕೊಡುವ ಪೆಟ್ಟಿಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಮಳೆ, ಬೆಳೆ, ತೆಂಗಿನ ವಿವರವನ್ನು ದಿನಾ ಬೆಂಗಳೂರಿಗೆ ಕಳಿಸುವುದು ಅದರ ಕೆಲಸ. ಅದನ್ನು ನಡೆಸುವ ತರಬೇತಿ ಆಗಿದ್ದದ್ದು ನನಗೊಬ್ಬಳಿಗೇ. ಹಾಗಾಗಿ ಪೆಟ್ಟಿಗೆಯ ಜೊತೆಗೆ ನನ್ನನ್ನೂ ತಿಪಟೂರಿಗೆ ಹಾಕಿದರು. ಯಜಮಾನರು ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಸ್ಕೂಲಿಗೆ ಹೋಗಿ ಬರತೊಡಗಿದರು.

ಆರ್ಡರಿನಲ್ಲಿ ಒಂದು ಸಾಲು ಇತ್ತು. ಒಂದು ವರ್ಷ ಪರೀಕ್ಷೆ. ಸಂಪರ್ಕ ಪದೇ ಪದೇ ಕೆಟ್ಟರೆ ಯಂತ್ರವನ್ನೂ ಆಪರೇಟರನ್ನೂ ಬೀದರಿಗೆ ಸ್ಥಳಾಂತರಿಸತಕ್ಕದ್ದು. ನಾನು ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು ಆಫೀಸಿಗೆ ಹೋಗಿ ಮೊದಲು ನೋಡುತ್ತಿದ್ದದ್ದು ಆ ಪೆಟ್ಟಿಗೆಯ ಕೆಂಪು ದೀಪವನ್ನು. ಅದು ಉರಿಯುತ್ತಿದ್ದರೆ ಸಂಜೆ ನನ್ನ ಗಂಡ ಬಸ್ಸಿಳಿದು ಮನೆಗೆ ಬರುತ್ತಾರೆ ಎಂದು ಲೆಕ್ಕ.

ಅಟೆನ್ಷನ್

ಮೋಡೆಂಗೆ ಗುಂಡಿ ತಿರುಗಣಿ ಏನೂ ಇರಲಿಲ್ಲ. ಎಲ್ಲವನ್ನೂ ಟರ್ಮಿನಲ್‌ನಲ್ಲಿ, ಅಂದರೆ ಪರದೆ ಕೀಲಿಮಣೆ ಇರುವ ಯಂತ್ರದಲ್ಲಿ, ಟೈಪು ಮಾಡಿ ಹೇಳಬೇಕು. ಯಾವ ಅಪ್ಪಣೆ ಕೊಡುವುದಿದ್ದರೂ ಮೊದಲು ಎ, ಟಿ ಎಂಬ ಎರಡು ಅಕ್ಷರ. ಎಟಿ ಝಡ್ ಅಂದರೆ ಹಿಂದಿನದೆಲ್ಲ ಬಿಟ್ಟು ಮೊದಲಿನಿಂದ ಶುರು ಮಾಡು. ಎಟಿ ಡಿಪಿ ಎಂದು ನಂಬರ್ ಬರೆದರೆ ಆ ನಂಬರಿಗೆ ಫೋನ್ ಮಾಡು. ಎಟಿ ಎಚ್ ಅಂದರೆ ಫೋನ್ ಇಡು. ಹೇಳಿದ್ದು ತಿಳಿಯಿತೋ ಓಕೆ ಎಂದು ಬರುತ್ತಿತ್ತು, ತಿಳಿಯದಿದ್ದರೆ ಎರರ್.

ಒಂದು ಶನಿವಾರ ನಮ್ಮ ಯಜಮಾನರು ಮಧ್ಯಾಹ್ನವೇ ಸ್ಕೂಲು ಮುಗಿಸಿಕೊಂಡು ಆಫೀಸಿಗೆ ಬಂದರು. ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತು ಬಹಳ ಹೊತ್ತು ನೋಡಿದರು.

"ಪ್ರತಿಸಲ ಎಟಿ ಎಟಿ ಅಂತ ಯಾಕೆ ಹೊಡೀತೀಯೇ?"

"ಅದು ಅಟೆನ್ಷನ್‌ನ ಮೊದಲಕ್ಷರ. ಅದನ್ನ ಹೇಳಿದ್ರೆ ಯಂತ್ರ ಬೇರೆ ಕೆಲಸ ಬಿಟ್ಟು ನಮ್ಮ ಮಾತು ಕೇಳುತ್ತೆ."

"ಒಂದೇ ಸಲಕ್ಕೆ?"

"ಒಂದೇ ಸಲಕ್ಕೆ."

ಸಂಜೆ ಕಾಫಿ ಕುಡಿಯುವಾಗ ಅವರು ಸಪ್ಪಗಿದ್ದರು. ಏನಾಯಿತು ಎಂದು ಬಲವಂತ ಮಾಡಿ ಕೇಳಿದ್ದಕ್ಕೆ ಹೇಳಿದರು: "ಹನ್ನೆರಡು ವರ್ಷದಿಂದ ಫೀಲ್ಡಲ್ಲಿ ನಿಂತ್ಕೊಂಡು ಅಟೆನ್ಷನ್ ಅಂತ ಗಂಟ್ಲು ಹರ್ಕೋತಿದೀನಿ ಕಣೇ. ಒಂದು ಮುಂಡೇದಾದ್ರೂ ಓಕೆ ಅಂದಿಲ್ಲ."

ಯಾರು ಹೋದದ್ದು?

ನಮ್ಮ ಆಫೀಸಿನ ಫೋನ್ ನಂಬರಿಗೂ ಊರಿನ ಒಂದು ಕೊಬ್ಬರಿ ಮಂಡಿಯ ನಂಬರಿಗೂ ಕೊನೆಯ ಅಂಕಿ ಮಾತ್ರ ವ್ಯತ್ಯಾಸ. ಇದು ನನಗೆ ಗೊತ್ತಿರಲಿಲ್ಲ. ಬೆಂಗಳೂರಿನವರು ಯಾವಾಗ ಫೋನ್ ಮಾಡಿದರೂ ಮೋಡೆಂ ತಾನೇ ಎತ್ತಿಕೊಳ್ಳಲಿ ಎಂದು, ಮೊದಲ ಗಂಟೆಗೇ ಉತ್ತರ ಕೊಡುವ ಹಾಗೆ ಅದಕ್ಕೆ ಅಪ್ಪಣೆ ಬರೆದಿಟ್ಟಿದ್ದೆ. ಮೋಡೆಂ ಫೋನ್ ಎತ್ತಿಕೊಂಡರೆ ಹಲೋ ಅನ್ನುವುದಿಲ್ಲ. ಕೂ... ಎಂದು ಉದ್ದಕ್ಕೆ ಕಿರುಚಿ, ಆಮೇಲೆ ಉಸಿರು ಕಟ್ಟಿದ ಹಾಗೆ ಬುಸುಗುಡುತ್ತದೆ.

ಹಾಲ್ಕುರಿಕೆ ಎಂಬ ಹಳ್ಳಿಯ ಒಬ್ಬರು ರೈತರು ಅವರೂರ ಪೋಸ್ಟಾಫೀಸಿನಿಂದ ಮಂಡಿ ಸಾಹುಕಾರರಿಗೆ ಫೋನ್ ಮಾಡಲು ಹೋಗಿ ನಮ್ಮ ನಂಬರ್ ತಿರುಗಿಸಿದರು. ಆ ಕಡೆಯಿಂದ ಕಿರುಚಾಟ ಕೇಳಿಸಿತು. ಇನ್ನೊಮ್ಮೆ ತಿರುಗಿಸಿದರು. ಮತ್ತೆ ಅದೇ. ಫೋನ್ ಇಟ್ಟು ನೆಟ್ಟಗೆ ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ: "ಸಾಹುಕಾರ್ರ ಮನೇಲಿ ಏನೋ ಆಗೋಗೈತೆ. ಫೋನ್ ಎತ್ತಿದೋರು ಮಾತಾಡಕ್ಕೂ ಆಗ್ದಂಗೆ ಅಳ್ತಾವ್ರೆ. ಎದ್ದೇಳು."

ಮಧ್ಯಾಹ್ನದ ಬಸ್ಸಿಗೆ ಗಂಡಸರು ಹೆಂಗಸರು ಸೇರಿ ಏಳು ಜನ ಬಂದಿಳಿದರು. ಸಾಹುಕಾರರ ಹಜಾರಕ್ಕೆ ಬಂದವರೇ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೂತರು. ಸಾವಿನ ಮನೆಗೆ ಹೋದವರು ಹೋದ ತಕ್ಷಣ ಯಾರು, ಏನಾಗಿತ್ತು ಎಂದು ಕೇಳುವುದು ಮರ್ಯಾದೆಯಲ್ಲ. ಮನೆಯವರೇ ಹೇಳುವ ತನಕ ಸುಮ್ಮನಿರಬೇಕು.

ಸಾಹುಕಾರರು ಒಳಗಿನಿಂದ ಬಂದು ನೋಡಿದರು. ಹಾಲ್ಕುರಿಕೆಯಿಂದ ಏಳು ಜನ ಬಂದು ಅಳುತ್ತಿದ್ದಾರೆ. ಅವರ ಮನೆಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆ, ಹೇಳಲು ಬಂದಿದ್ದಾರೆ ಎಂದುಕೊಂಡರು. ಅವರೂ ಕೂತು ಕಣ್ಣೊರೆಸಿಕೊಂಡರು. ಸಾಹುಕಾರರ ಹೆಂಡತಿಯಂತೂ ಹೋದದ್ದು ಹಾಲ್ಕುರಿಕೆಯ ಮನೆಯ ಹಿರಿಯಮ್ಮನೇ ಇರಬೇಕೆಂದು ಲೆಕ್ಕ ಹಾಕಿ ಎದೆ ಬಡಿದುಕೊಂಡು ಅತ್ತರು. ಹೀಗೆ ಅರ್ಧ ಗಂಟೆ ಎರಡೂ ಕಡೆಯವರು ಅತ್ತರು. ಕೊನೆಗೆ ಆ ಹಿರಿಯಮ್ಮನೇ, ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು, ತಡೆಯಲಾರದೆ "ಹೋದೋರು ಯಾರು ಅಂತನಾದ್ರೂ ಏಳ್ರಪ್ಪ" ಎಂದು ಕೇಳಿದ ಮೇಲೆ ಎಲ್ಲರೂ ತಲೆಯೆತ್ತಿದರು.

ಸಾಹುಕಾರರು ಎಕ್ಸ್‌ಚೇಂಜಿನಲ್ಲಿ ವಿಚಾರಿಸಿ ನಮ್ಮ ಆಫೀಸಿಗೆ ಬಂದರು. ಕೋಪ ಮಾಡಿಕೊಳ್ಳದೆ ನಡೆದದ್ದನ್ನೆಲ್ಲ ಹೇಳಿದರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಅವರ ಎದುರಿನಲ್ಲೇ, ಮೋಡೆಂ ತಾನಾಗಿ ಫೋನ್ ಎತ್ತಬಾರದು ಎಂಬ ಅಪ್ಪಣೆ ಟೈಪು ಮಾಡಿದೆ. ಅದು ಓಕೆ ಎಂದಿತು. ಅವರಿಗೂ ತೋರಿಸಿದೆ.

ಆದರೆ ಆ ಯಂತ್ರದ ಸ್ವಭಾವ ಏನೆಂದರೆ, ಹೇಳಿದ್ದನ್ನು ಕೇಳುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿಟ್ಟುಕೋ ಎಂದು ಬೇರೆ ಅಪ್ಪಣೆ ಕೊಡಬೇಕು. ಸಾಹುಕಾರರು ಎದುರಿಗಿದ್ದ ಗಾಬರಿಯಲ್ಲಿ ನಾನು ಅದನ್ನು ಮರೆತೆ. ಎರಡು ದಿನ ಬಿಟ್ಟು ಕರೆಂಟು ಹೋಗಿ ಬಂತು. ಮೋಡೆಂ ಹೊಸ ಅಪ್ಪಣೆಯನ್ನು ಮರೆತು, ಮೊದಲು ನೆನಪಿಡಿಸಿದ್ದ ಹಳೆಯ ಚಾಳಿಗೇ ಬಿತ್ತು. ಮುಂದಿನ ವಾರ ತುರುವೇಕೆರೆ ಕಡೆಯಿಂದ ಒಂದು ಎತ್ತಿನಗಾಡಿ ಭರ್ತಿ ಜನ ಸಾಹುಕಾರರ ಮನೆ ಮುಂದೆ ಇಳಿದರು.

ಸಾಹುಕಾರರು ಮತ್ತೆ ನಮ್ಮ ಆಫೀಸಿಗೆ ಬಂದರು. ನಾನು ಎದ್ದು ನಿಂತೆ. ಅವರು ಬಹಳ ಬೇಸರದಿಂದ ಹೇಳಿದರು: "ಈ ಸಲ ನಂಗೆ ವಿಷ್ಯ ಗೊತ್ತಿತ್ತು ಕಣಮ್ಮ, ಅದ್ಕೇ ಅಳ್ಲಿಲ್ಲ. ನೋಡು, ಈಗ ಅವ್ರು ಮಾತು ಬಿಟ್ಟವ್ರೆ. ನಾವು ಅಷ್ಟು ದೂರದಿಂದ ಬಂದು ಅತ್ತರೂ ಸಾಹುಕಾರ್ರ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ ಅಂತ."

ಸಾಹೇಬರ ಬೆಂಗಳೂರಿನ ಸ್ನೇಹಿತ

ನಮ್ಮ ಆಫೀಸಿನ ಮುಖ್ಯಸ್ಥರಾದ ಸಾಹೇಬರು ಒಳ್ಳೆಯ ಮನುಷ್ಯ. ಹನ್ನೊಂದು ವರ್ಷದಿಂದ ಬಡ್ತಿ ಸಿಗದೆ ಒಳಗೊಳಗೇ ಕೊರಗುತ್ತಿದ್ದರು. ವಿವರ ಕಳಿಸುವ ಮೊದಲು ನಾನು ಬೆಂಗಳೂರಿನ ಆಪರೇಟರಿಗೆ ಟರ್ಮಿನಲ್‌ನಲ್ಲೇ ನಮಸ್ಕಾರ ಹೇಳುವುದು, ಆತ ತಿರುಗಿ ನಮಸ್ಕಾರ ಹೇಳುವುದು, ಇದನ್ನೆಲ್ಲ ಅವರು ಬಾಗಿಲಲ್ಲಿ ನಿಂತು ಆಸೆಯಿಂದ ನೋಡುತ್ತಿದ್ದರು.

ಮೋಡೆಂ ಚೆನ್ನಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯ ಅಪ್ಪಣೆ ಉಂಟು. ಅದನ್ನು ಕೊಟ್ಟರೆ ಮೋಡೆಂ ಹೊರಗಿನ ತಂತಿಯನ್ನು ಬಿಟ್ಟು, ನಾವು ಕಳಿಸಿದ ಸಾಲನ್ನು ಒಳಗೇ ಒಂದು ಸುತ್ತು ಹಾಕಿಸಿ ನಮಗೇ ವಾಪಸ್ಸು ಕೊಡುತ್ತದೆ. ಒಂದು ದಿನ ಅದನ್ನು ಹಾಗೆ ಪರೀಕ್ಷೆಗೆ ಹಾಕಿ ನಾನು ಊಟಕ್ಕೆ ಹೋದೆ.

ವಾಪಸ್ಸು ಬಂದಾಗ ಸಾಹೇಬರು ನನ್ನ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಗಾಬರಿಯಾಗಿ ಏನು ಸಾರ್ ಎಂದೆ.

"ಬೆಂಗಳೂರಿನವರ ಜೊತೆ ಮಾತಾಡ್ದೆ ಕಣಮ್ಮ. ಎಂಥ ವಿನಯ ಅಂತೀಯಾ! ನಮಸ್ಕಾರ ಅಂದೆ, ನಮಸ್ಕಾರ ಅಂದ್ರು. ಆರೋಗ್ಯವೇ ಅಂದೆ, ಆರೋಗ್ಯವೇ ಅಂತ ನನ್ನನ್ನೇ ಕೇಳಿದ್ರು. ಧೈರ್ಯ ಮಾಡಿ, ನನಗೆ ಹನ್ನೊಂದು ವರ್ಷದಿಂದ ಬಡ್ತಿ ಆಗಿಲ್ಲ ಅಂತ ಬರೆದೆ." ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. "ಪಾಪ, ಅವರಿಗೂ ಹನ್ನೊಂದು ವರ್ಷದಿಂದ ಆಗಿಲ್ವಂತೆ."

ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಆ ದಿನದಿಂದ ಸಾಹೇಬರ ಮುಖದಲ್ಲಿ ಒಂದು ಸಮಾಧಾನ ಕಾಣುತ್ತಿತ್ತು, ಫೈಲುಗಳೂ ಬೇಗ ಹೊರಡುತ್ತಿದ್ದವು. ಮನೆಯಲ್ಲಿ ತೊಂದರೆ ಇದ್ದಾಗ ಬಂದು, "ಆ ಬೆಂಗಳೂರಿನವರು ಸಿಕ್ತಾರಾ?" ಎಂದು ಕೇಳುತ್ತಿದ್ದರು. ನಾನು ಪರೀಕ್ಷೆಯ ಅಪ್ಪಣೆ ಟೈಪು ಮಾಡಿ ಎದ್ದು ಆಚೆ ಹೋಗುತ್ತಿದ್ದೆ. ಒಂದು ಸಲ ಮಾತ್ರ ಸಾಹೇಬರು ಸಿಟ್ಟಾಗಿ ಹೊರಗೆ ಬಂದರು. "ನಾನು ಏನೋ ನನ್ನ ಕಷ್ಟ ಹೇಳೋಣ ಅಂತ ಹೋದ್ರೆ, ನಾನು ಮುಗಿಸೋ ಮೊದ್ಲೇ ಅವರದ್ದೇ ಶುರು ಮಾಡ್ತಾರಲ್ಲಮ್ಮ. ಇವತ್ತಂತೂ ನನ್ನ ಹೆಂಡ್ತಿ ಹೆಸರನ್ನೇ ಅವರ ಹೆಂಡ್ತಿ ಹೆಸರು ಅಂತ ಹೇಳ್ತಾರೆ!"

ಉಪ್ಪು, ಇದ್ದಿಲು, ನೀರು

ಮೋಡೆಂಗೆ ಅರ್ತಿಂಗ್ ಸರಿಯಿರಬೇಕು. ಇಲ್ಲದಿದ್ದರೆ ಗುಂಯ್ ಎಂಬ ಸದ್ದು ಸೇರಿಕೊಂಡು ಅಕ್ಷರಗಳು ಕೆಡುತ್ತವೆ. ಅದಕ್ಕಾಗಿ ನಮ್ಮ ಆಫೀಸಿದ್ದ ಬಾಡಿಗೆ ಮನೆಯ ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ತಳದಲ್ಲಿ ತಾಮ್ರದ ಪ್ಲೇಟು ಇಟ್ಟು, ಸುತ್ತ ಉಪ್ಪು ಇದ್ದಿಲು ತುಂಬಿ ಮಣ್ಣು ಮುಚ್ಚಿದ್ದರು. ಪ್ಲೇಟಿನಿಂದ ಒಂದು ತಾಮ್ರದ ಪಟ್ಟಿ ಮೇಲೆ ಬಂದು ಗೋಡೆಯ ಮೂಲಕ ಮೋಡೆಂಗೆ ಸೇರುತ್ತಿತ್ತು. ಮಣ್ಣು ಒಣಗದ ಹಾಗೆ ದಿನಾ ಒಂದು ಕೊಡ ನೀರು ಹುಯ್ಯಬೇಕು.

ಮನೆಯ ಮಾಲೀಕರು ಅರಳಗುಪ್ಪೆಯ ಗೌಡರು. ಊರಲ್ಲಿ ತೆಂಗಿನ ತೋಟ, ಇಲ್ಲಿ ಹಿತ್ತಲ ಕಡೆಯ ಎರಡು ಕೋಣೆಯಲ್ಲಿ ವಾಸ. "ನೀವ್ಯಾಕೆ ಕೊಡ ಹೊರ್ತೀರಿ ಮೇಡಮ್ಮೋರೆ, ನಾನೇ ಹುಯ್ತೀನಿ ಬುಡಿ" ಎಂದು ನೀರಿನ ಕೆಲಸವನ್ನು ತಾವೇ ವಹಿಸಿಕೊಂಡರು. ಒಂದು ದಿನವೂ ತಪ್ಪಿಸಲಿಲ್ಲ. ನಾನು ನಿಶ್ಚಿಂತೆಯಿಂದ ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟೆ.

ಪರೀಕ್ಷೆಯ ವರ್ಷ ಮುಗಿಯಲು ಒಂದು ತಿಂಗಳಿತ್ತು. ಇದ್ದಕ್ಕಿದ್ದ ಹಾಗೆ ಅಕ್ಷರಗಳು ಕೆಡತೊಡಗಿದವು. ತುರುವೇಕೆರೆಯ ಮಳೆ ಕಳಿಸಿದರೆ ಬೆಂಗಳೂರಿನಲ್ಲಿ ಬರೀ ಚುಕ್ಕೆ ಗೆರೆ ಬೀಳುತ್ತಿತ್ತು. ನನಗೆ ಗೊತ್ತಿದ್ದ ಅಪ್ಪಣೆಗಳನ್ನೆಲ್ಲ ಕೊಟ್ಟೆ. ವೇಗ ಇಳಿಸಿದೆ. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡಿದೆ. ಒಳಗಿನ ಪರೀಕ್ಷೆಯಲ್ಲಿ ಮೋಡೆಂ ಪಾಸಾಗುತ್ತಿತ್ತು. ಲೈನ್‌ಮನ್ ಬಂದು ತಂತಿಯೂ ಚೆನ್ನಾಗಿದೆ ಎಂದ. ಮೂರು ವಾರ ಹೀಗೇ ನಡೆಯಿತು. ಅನ್ನ ಸೇರುತ್ತಿರಲಿಲ್ಲ. ಯಜಮಾನರು ನನ್ನ ಹಳೆಯ ಟ್ರಂಕಿನ ಬೀಗಕ್ಕೆ ಎಣ್ಣೆ ಬಿಟ್ಟು ಇಟ್ಟಿದ್ದನ್ನು ನೋಡಿ ನನಗೆ ಅಳು ಬಂತು.

ಕೊನೆಗೆ ಬೆಂಗಳೂರಿನಿಂದ ಎಂಜಿನಿಯರು ಬಂದರು. ಫೈಲಿನಲ್ಲಿ ಸ್ಥಳಾಂತರದ ಫಾರಂ ತಯಾರಾಗಿಯೇ ಇತ್ತು. ಟರ್ಮಿನಲ್ ಮುಂದೆ ಕೂತು ಹತ್ತು ನಿಮಿಷ ಏನೇನೋ ಟೈಪು ಮಾಡಿದರು, ಮೀಟರ್ ಹಚ್ಚಿ ನೋಡಿದರು. "ಅರ್ತ್ ಇಲ್ಲ. ಎಲ್ಲಿದೆ ಗುಂಡಿ?" ಎಂದರು.

ಸಾಹೇಬರು, ನಾನು, ಎಂಜಿನಿಯರು, ಲೈನ್‌ಮನ್ ಎಲ್ಲರೂ ಹಿತ್ತಲಿಗೆ ಹೋದೆವು. ಗುಂಡಿಯ ಜಾಗದಲ್ಲಿ ಅಚ್ಚುಕಟ್ಟಾಗಿ ಪಾತಿ ಮಾಡಿತ್ತು. ಪಾತಿಯ ನಡುವೆ ಮೊಣಕಾಲೆತ್ತರದ ತೆಂಗಿನ ಸಸಿ. ಬುಡಕ್ಕೆ ಅರಿಶಿನ ಕುಂಕುಮ ಇಟ್ಟಿತ್ತು. ಗೌಡರು ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಇದ್ಯಾರು ನೆಟ್ಟಿದ್ದು?" ಎಂದರು ಎಂಜಿನಿಯರು.

"ನಾನೇ ಸಾರ್. ಗುಂಡಿ ತೋಡವ್ರೆ, ತೆಂಗಿಗೆ ಹಾಕ್ದಂಗೆ ಉಪ್ಪು ಹಾಕವ್ರೆ, ಇದ್ಲು ಹಾಕವ್ರೆ, ದಿನಾ ನೀರು ಹುಯ್ಯಿಸ್ತಾವ್ರೆ. ಸಸಿ ನೆಡಾದೊಂದು ಮರ್ತವ್ರೆ. ಹೆಣ್ಮಗಳು, ಆಫೀಸು ಮನೆ ಎರಡ್ನೂ ನೋಡ್ಕೊಂಡು ಏನೇನು ಅಂತ ಗ್ಯಾಪ್ಕ ಮಡೀಕಂಡಾರು? ಅದ್ಕೆ ತೋಟದಿಂದ ಒಳ್ಳೆ ಸಸಿ ತಂದು ನಾನೇ ನೆಟ್ಟೆ."

"ಇಲ್ಲಿದ್ದ ತಾಮ್ರದ ಪಟ್ಟಿ?"

"ಬೇರಿಗೆ ಅಡ್ಡ ಬತ್ತಿತ್ತು. ಕತ್ತರಿಸಿ ಸುರುಳಿ ಸುತ್ತಿ ಅಟ್ಟದ ಮೇಲೆ ಜ್ವಾಪಾನವಾಗಿ ಮಡಗಿವ್ನಿ. ಸರ್ಕಾರದ್ದಲ್ವಾ?"

ತೆಂಗಿನ ಸಸಿ ಕಿತ್ತರೆ ಮಕ್ಕಳಿಗೆ ಕೇಡು ಎಂಬುದು ಆ ಕಡೆಯ ನಂಬಿಕೆ. ಎಂಜಿನಿಯರು ಲೈನ್‌ಮನ್ನಿಗೆ ಸಸಿ ಕೀಳು ಎಂದರು. ಆತ ಕೈ ಹಿಂದೆ ಕಟ್ಟಿಕೊಂಡು, "ನಂಗೆ ಮಕ್ಳವ್ರೆ ಸಾರ್" ಎಂದ. ಸಾಹೇಬರನ್ನು ನೋಡಿದರು. ಸಾಹೇಬರು ಆಕಾಶ ನೋಡುತ್ತಿದ್ದರು. ಆಗ ನನ್ನ ಕಡೆ ತಿರುಗಿ, "ನಿಮ್ಮ ಯಂತ್ರ, ನಿಮ್ಮ ಪೋಸ್ಟು. ನೀವೇ ಕೀಳಿ" ಎಂದರು.

ನಾನು ಬಗ್ಗಿದೆ. ಮನಸ್ಸಿನಲ್ಲಿ ಬೀದರಿನ ರೂಮು, ಒಬ್ಬಳೇ ಮಾಡಿಕೊಂಡು ತಿನ್ನುತ್ತಿದ್ದ ಅನ್ನ, ಎಲ್ಲ ಬಂತು. ಸಸಿಯ ಬುಡಕ್ಕೆ ಕೈ ಹಾಕಿದೆ. ಆಗಷ್ಟೇ ಒಂದು ಹೊಸ ಗರಿ ಸುಳಿಯಿಂದ ಮೂಗು ತೋರಿಸಿತ್ತು. ಹಾಕಿದ ಕೈ ಹಾಗೇ ಇತ್ತು, ಕೀಳಲು ಆಗಲಿಲ್ಲ. ಎದ್ದು ನಿಂತು, "ಬೀದರಿಗೇ ಹೋಗ್ತೀನಿ ಸಾರ್" ಎಂದೆ.

ಎಂಜಿನಿಯರಿಗೆ ಸಿಟ್ಟು ಬಂತು. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡು ತಾವೇ ಬಗ್ಗಿದರು. ಎರಡೂ ಕೈಯಲ್ಲಿ ಸಸಿ ಹಿಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಬುಡದ ಮಣ್ಣನ್ನು ಬೆರಳಿನಿಂದ ಸ್ವಲ್ಪ ಸರಿಸಿ, "ಸುಳಿಗೆ ಮಣ್ಣು ಬೀಳ್ತಿದೆಯಲ್ರೀ ಗೌಡ್ರೇ, ಕೊಳೆತು ಹೋಗುತ್ತೆ" ಎಂದು ಬೈದು, ಸುತ್ತಲ ಮಣ್ಣನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ ಎದ್ದರು. ಅವರ ಊರು ತುರುವೇಕೆರೆಯಿಂದ ಮೂರು ಮೈಲಿ ಎಂದು ನನಗೆ ಆಮೇಲೆ ಗೊತ್ತಾಯಿತು.

ಹಿತ್ತಲ ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ಪೈಪು ಹೂಳಿಸಿ ಹೊಸ ಅರ್ತಿಂಗ್ ಕೊಡಿಸಿದರು. ಗಂಟೆಯೊಳಗೆ ಅಕ್ಷರಗಳು ಸರಿಯಾಗಿ ಹೋದವು. ಆದರೆ ಮೂರು ವಾರ ಕೆಟ್ಟಿದ್ದು ದಾಖಲಾಗಿ ಹೋಗಿತ್ತು. ಎಂಜಿನಿಯರು ಸ್ಥಳಾಂತರದ ಫಾರಂ ತೆಗೆದರು. ಸಾಗಿಸಬೇಕಾದ ಸಾಮಾನುಗಳ ಪಟ್ಟಿಯನ್ನು ಅವರು ಗಟ್ಟಿಯಾಗಿ ಓದುತ್ತ ಗುರುತು ಹಾಕಿದರು. ಟರ್ಮಿನಲ್ ಒಂದು. ಮೋಡೆಂ ಒಂದು. ಕೇಬಲ್ಲು. ತಾಮ್ರದ ಪ್ಲೇಟು ಒಂದು. ಅಲ್ಲಿ ಪೆನ್ನು ನಿಂತಿತು.

"ಈ ಪ್ಲೇಟು ಈಗ ಎಲ್ಲಿದೆ?"

"ಸಸಿ ಕೆಳಗೆ, ಸಾರ್."

"ಪ್ಲೇಟು ತೆಗೀದೆ ಯಂತ್ರ ಸಾಗಿಸೋ ಹಾಗಿಲ್ಲ. ಸಸಿ ಕೀಳದೆ ಪ್ಲೇಟು ತೆಗೆಯೋ ಹಾಗಿಲ್ಲ." ಇದನ್ನು ಅವರು ಯಾರ ಮುಖವನ್ನೂ ನೋಡದೆ, ಸ್ವಲ್ಪವೂ ನಗದೆ ಹೇಳಿದರು. ಫಾರಂನ ಕೊನೆಯಲ್ಲಿ ಅಡಚಣೆ ಇದ್ದಲ್ಲಿ ಅದು ನಿವಾರಣೆಯಾಗುವ ಕಾಲ ಎಂದು ಒಂದು ಕಾಲಂ ಇತ್ತು. ಗೌಡರನ್ನು ಕರೆದು ಕೇಳಿದರು: "ಈ ಮರ ಯಾವಾಗ ತೆಗೀಬಹುದು?"

ಗೌಡರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಲೆಕ್ಕ ಹಾಕಿದರು. "ಫಸಲು ಬರಕ್ಕೆ ಏಳೆಂಟು ವರ್ಷ ಬೇಕು ಸಾರ್. ಆಮೇಲೆ ಚೆನ್ನಾಗಿ ಕಾಯಿ ಕೊಡ್ತದೆ. ಎಪ್ಪತ್ತು ವರ್ಷ ಆದ್ಮೇಲೆ ಕಾಯಿ ಕಮ್ಮಿ ಆದ್ರೆ ತಗೀಬೋದು ಬುಡಿ, ನಂದೇನೂ ಅಡ್ಡಿಯಿಲ್ಲ."

ಎಂಜಿನಿಯರು ಆ ಕಾಲಂನಲ್ಲಿ ಎಪ್ಪತ್ತು ವರ್ಷ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ, ನನಗೊಂದು ಪ್ರತಿ ಕೊಟ್ಟು ಬಸ್ಸಿಗೆ ಹೊರಟರು.

ಸಂಜೆ ಯಜಮಾನರು ಬಂದಾಗ ನಾನು ಬಾಗಿಲಲ್ಲೇ ಕೂತು ಅಳುತ್ತಿದ್ದೆ. ಬೀದರಿಗೆ ವರ್ಗವಾಯಿತೆಂದೇ ಅವರು ತಿಳಿದರು. ನಿಂತುಕೊಂಡೇ ಕಾಗದವನ್ನು ಮೇಲಿಂದ ಕೆಳಗೆ ಓದಿದರು. ಕೊನೆಯ ಕಾಲಂ ಇನ್ನೊಂದು ಸಲ ಓದಿ, ಬೆರಳಲ್ಲಿ ಎಣಿಸಿ, ನನ್ನ ಪಕ್ಕದಲ್ಲಿ ಕೂತು ಹೇಳಿದರು: "ಅಳಬೇಡ ಕಣೇ. ರಿಟೈರಾದ ಮೇಲೂ ನಿಂಗೆ ಇಲ್ಲಿ ನಲವತ್ತು ವರ್ಷ ಡ್ಯೂಟಿ ಇದೆ."